ನೊರೆ ಇಳಿಯುವ ಮೊದಲು

ಹೋದ ಡಿಸೆಂಬರಿನಲ್ಲಿ ಸೋಮಣ್ಣನ ಮಗ ನನ್ನ ತವರೂರಲ್ಲಿ ಹೊಸ ಮನೆ ಕಟ್ಟಿಸಿ ಗೃಹಪ್ರವೇಶಕ್ಕೆ ಕರೆದಿದ್ದ. ಮೂಡಿಗೆರೆಯ ನನ್ನ ಮನೆಯಿಂದ ಬೇಗನೆ ಹೊರಟು, ಆಲ್ದೂರು ದಾಟಿ, ಒಳಗಿನ ರಸ್ತೆ ಹಿಡಿದು ಊರು ಮುಟ್ಟಿದಾಗ ಮಂಜು ಇನ್ನೂ ಕಾಫಿ ತೋಟದ ಮೇಲೆ ಕೂತೇ ಇತ್ತು. ಹೊಸ ಮನೆಯ ಮೆಟ್ಟಿಲ ಹತ್ತಿರ ನಿಂತು ಶಾಲು ಸರಿಮಾಡಿಕೊಳ್ಳುತ್ತಿದ್ದೆ. ಕೆಳಗಿನ ಮನೆಯ ವನಿತಾ ಹಾಲು ಉಕ್ಕಿಸುವ ಶಾಸ್ತ್ರಕ್ಕೆ ಹಾಲು ತಂದಿದ್ದಳು. "ಅಕ್ಕ, ಒಂಚೂರು ಹಿಡ್ಕೊಳ್ಳಿ, ಚಪ್ಪಲಿ ಬಿಚ್ತೀನಿ" ಅಂತ ಸ್ಟೀಲ್ ಪಾತ್ರೆಯನ್ನು ನನ್ನ ಕೈಗೆ ಕೊಟ್ಟಳು. ಹಿಡಿಕೆ ಹಿಡಿಯುವ ಬದಲು ಎರಡೂ ಅಂಗೈಯಲ್ಲಿ ಪಾತ್ರೆಯನ್ನು ತಬ್ಬಿ ಹಿಡಿದೆ. ಬೆಚ್ಚಗಿತ್ತು. ಆಗಷ್ಟೇ ಕರೆದ ಹಾಲು.

ಒಳಗಿನಿಂದ ಸೋಮಣ್ಣನ ದನಿ ಕೇಳಿತು. "ನೀರಕ್ಕನ ಮನೆ ಹಾಲು ಬಂತೇನ್ರೋ? ಪುರೋಹಿತ್ರು ಕಾಯ್ತಿದಾರೆ!"

ವನಿತಾಳ ಮುಖದಲ್ಲಿ ಏನೂ ಬದಲಾಗಲಿಲ್ಲ. "ಬಂತು ಬಂತು" ಎನ್ನುತ್ತಾ ನನ್ನ ಕೈಯಿಂದ ಪಾತ್ರೆ ತೆಗೆದುಕೊಳ್ಳಲು ಬಂದಳು. ನಾನು ಕೊಡಲಿಲ್ಲ. ಮುಚ್ಚಳ ಎತ್ತಿ ನೋಡಿದೆ. ನೊರೆಯ ಮೇಲೆ ಒಂದು ತುಳಸಿ ಎಲೆ ತೇಲುತ್ತಿತ್ತು.

ನೀರಕ್ಕ ಎಂದರೆ ವನಿತಾಳ ತೀರಿಹೋದ ಅತ್ತೆ, ಗಿರಿಜಕ್ಕ. ಆ ಹೆಸರು ಮೊದಲು ಬಂದದ್ದು ಸೋಮಣ್ಣನ ಬಾಯಲ್ಲಿ, ನಿಜ. ಆದರೆ ಅದನ್ನು ಇಟ್ಟವಳು ನಾನು. ಇಪ್ಪತ್ತು ವರ್ಷಕ್ಕೂ ಹಿಂದಿನ ಒಂದು ಚಳಿಗಾಲದಲ್ಲಿ, ಒಂದು ಗಾಜಿನ ಕೊಳವೆಯನ್ನು ಕೈಯಲ್ಲಿ ಹಿಡಿದುಕೊಂಡು ಇಟ್ಟ ಹೆಸರು ಅದು.

ಕಾಫಿಯ ರೇಟು ನೆಲ ಕಚ್ಚಿದ್ದ ಕಾಲ ಅದು. ಆಗ ನಮ್ಮ ಮನೆಯನ್ನು ನಿಲ್ಲಿಸಿದ್ದು ನಾಲ್ಕೆಕರೆ ತೋಟವಲ್ಲ, ಅಪ್ಪ ತೊಂಬತ್ತರ ಸುಮಾರಿಗೆ ಶುರುಮಾಡಿದ್ದ ಡೈರಿ. ಡೈರಿ ಎಂದರೆ ದೊಡ್ಡದೇನನ್ನೋ ಕಲ್ಪಿಸಿಕೊಳ್ಳಬೇಡಿ. ಕಾಫಿ ಒಣಗಿಸುವ ಕಣದ ಮೂಲೆಯಲ್ಲಿ ಒಂದು ತಗಡಿನ ಮಾಡು, ಅದರ ಕೆಳಗೆ ಸಿಮೆಂಟಿನ ಕಟ್ಟೆ, ಕಟ್ಟೆಯ ಮೇಲೆ ಮೂರು ದೊಡ್ಡ ಅಲ್ಯೂಮಿನಿಯಂ ಕ್ಯಾನು, ಒಂದು ಲೀಟರಿನ ಅಳತೆ, ಸೋಸಲು ಬಿಳಿ ಬಟ್ಟೆ. ಊರಿನ ಹದಿನೈದು ಮನೆಯವರು ಬೆಳಿಗ್ಗೆ ಹಾಲು ತಂದು ಹಾಕುತ್ತಿದ್ದರು. ಹಮೀದಣ್ಣನ ಜೀಪು ಬಂದು ಕ್ಯಾನುಗಳನ್ನು ಹೇರಿಕೊಂಡು ಆಲ್ದೂರಿನ ಹೋಟೆಲುಗಳಿಗೂ ಕೆಲವು ಮನೆಗಳಿಗೂ ಕೊಟ್ಟು ಬರುತ್ತಿತ್ತು. ಹಮೀದಣ್ಣ ಬರೀ ಡ್ರೈವರ್ ಅಲ್ಲ. ಜೀಪೂ ಅವರದೇ, ಅದರ ರಿಪೇರಿಯೂ ಅವರದೇ. ಊರಲ್ಲಿ ಯಾರಿಗಾದರೂ ಹುಷಾರು ತಪ್ಪಿದರೆ ಚಿಕ್ಕಮಗಳೂರಿಗೆ ಕರೆದುಕೊಂಡು ಹೋಗುತ್ತಿದ್ದವರೂ ಅವರೇ.

ಅಪ್ಪನ ಹತ್ತಿರ ಹಾಲು ಪರೀಕ್ಷೆ ಮಾಡುವ ಯಂತ್ರ ಗಿಂತ್ರ ಏನೂ ಇರಲಿಲ್ಲ. ಒಂದು ಬೆರಳು ಅದ್ದುತ್ತಿದ್ದ, ಹೆಬ್ಬೆರಳ ಉಗುರಿನ ಮೇಲೆ ಒಂದು ಹನಿ ಬಿಟ್ಟು ಅದು ಹರಿಯುವುದನ್ನು ನೋಡುತ್ತಿದ್ದ, "ಹೂಂ" ಎನ್ನುತ್ತಿದ್ದ. ಹಾಲು ತೆಳ್ಳಗಿದೆ ಎನ್ನಿಸಿದರೆ ಆಗಲೂ "ಹೂಂ" ಎಂದೇ ಹೇಳಿ, ಎಲ್ಲರೂ ಹೋದ ಮೇಲೆ ಆ ಮನೆಯವರನ್ನು ಪಕ್ಕಕ್ಕೆ ಕರೆದು ಮಾತಾಡುತ್ತಿದ್ದ. ನನಗೆ ಅದು ಹೇಡಿತನ ಎಂದು ಕಾಣುತ್ತಿತ್ತು. ಆಗ ನನಗೆ ಇಪ್ಪತ್ತೆರಡು ವರ್ಷ, ಪಿಯುಸಿಯಲ್ಲಿ ಸೈನ್ಸ್ ಓದಿದ ಗರ್ವ ಡಿಗ್ರಿ ಮುಗಿದರೂ ಇಳಿದಿರಲಿಲ್ಲ.

ಅಪ್ಪನ ಇನ್ನೊಂದು ನೇಮವಿತ್ತು. ದಿನದ ಮೊದಲ ಹಾಲು, ಅಂದರೆ ಬೋಣಿ, ಗಿರಿಜಕ್ಕನ ಕೈಯಿಂದಲೇ ಆಗಬೇಕು. ಗಿರಿಜಕ್ಕನ ಮನೆ ನಮ್ಮ ಕಣದ ಕೆಳಗೇ, ಎಣಿಸಿ ಐವತ್ತು ಹೆಜ್ಜೆ. ಗಂಡ ತೀರಿಕೊಂಡಿದ್ದರು, ಮಗ ಕಳಸದ ಕಡೆ ಒಂದು ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದು ಹಬ್ಬಕ್ಕೆ ಮಾತ್ರ ಬರುತ್ತಿದ್ದ. ಹಗಲಲ್ಲಿ ಪಕ್ಕದ ಎಸ್ಟೇಟಿನಲ್ಲಿ ಕಾಫಿ ಹಣ್ಣು ಕೊಯ್ಯುವ ಕೆಲಸ, ಬೆಳಿಗ್ಗೆ ಸಂಜೆ ಒಂದು ಹಸು. ಅದರ ಹೆಸರು ಕಾವೇರಿ. ಕರೆದ ಹಾಲನ್ನು ಅವರು ಒಂದು ನಿಮಿಷವೂ ಮನೆಯಲ್ಲಿ ಇಡುತ್ತಿರಲಿಲ್ಲ. ಕೊಟ್ಟಿಗೆಯಿಂದ ನೇರ ಕಣಕ್ಕೆ ಹತ್ತಿ ಬರುತ್ತಿದ್ದರು. "ನೊರೆ ಇಳಿಯೋ ಮೊದ್ಲು ನಿಮ್ ಕ್ಯಾನಿಗೆ ಬೀಳ್ಬೇಕು ಗೌಡ್ರೇ, ಹಳಸಿದ್ದು ಬೋಣಿಗೆ ಆಗಲ್ಲ" ಎನ್ನುವುದು ಅವರ ದಿನದ ಮಾತು. ಅಪ್ಪ ನಗುತ್ತಾ ಕ್ಯಾನಿನ ಬಾಯಿ ತೆರೆಯುತ್ತಿದ್ದ. ಉಳಿದವರು ತೋಟದಾಚೆಯಿಂದ, ಹಳ್ಳದಾಚೆಯಿಂದ ಚಳಿಯಲ್ಲಿ ಅರ್ಧ ಗಂಟೆ ನಡೆದು ಬರುವಷ್ಟರಲ್ಲಿ ಗಿರಿಜಕ್ಕನ ಹಾಲು ಕ್ಯಾನಿನ ತಳ ಮುಚ್ಚಿರುತ್ತಿತ್ತು. ಆದರೂ ಅವರು ಮನೆಗೆ ಹೋಗುತ್ತಿರಲಿಲ್ಲ. ಬಂದವರ ಜೊತೆ ಹರಟೆ ಹೊಡೆದು, ನನ್ನನ್ನು ಹಿಡಿದು ಕೂರಿಸಿ ಜಡೆ ಹೆಣೆದು ಹೋಗುತ್ತಿದ್ದರು. "ಶೈಲೂ, ಎಣ್ಣೆ ಹಾಕ್ದೆ ಎಷ್ಟು ದಿನ ಆಯ್ತೇ?" ಎಂದು ತಲೆಗೆ ಒಂದು ಮೊಟಕು.

ಆ ಡಿಸೆಂಬರಿನಲ್ಲಿ ಅಪ್ಪ ಮೆಣಸಿನ ಬಳ್ಳಿ ನೋಡಲು ಏಣಿ ಹತ್ತಿ ಬಿದ್ದ. ಬಲಗಾಲಿನ ಮೂಳೆ ಎರಡು ಕಡೆ ಮುರಿಯಿತು. ಮೂರು ತಿಂಗಳು ಮಂಚ. ಅಣ್ಣ ಆಗ ದೂರದೂರಿನಲ್ಲಿ ಕೆಲಸದಲ್ಲಿದ್ದ. ಅಮ್ಮನಿಗೆ ಅಡಿಗೆಮನೆ, ಕೊಟ್ಟಿಗೆ, ಕೊಯ್ಲಿನ ಆಳುಗಳು. ಹಾಗಾಗಿ ಕಟ್ಟೆಯ ಮೇಲೆ ಅಳತೆ ಹಿಡಿದು ಕೂತವಳು ನಾನು. ಒಂದು ವಾರ ಕಳೆದಿರಲಿಲ್ಲ, ಹಮೀದಣ್ಣ ಆಲ್ದೂರಿನಿಂದ ದೂರು ತಂದರು. "ಹೋಟ್ಲಿನವ್ರು ಗಲಾಟೆ ಮಾಡ್ತಿದಾರೆ ಮಾರಾಯ್ತಿ. ಮೊಸರು ಕೂರ್ತಿಲ್ವಂತೆ, ಹಾಲು ನೀರಂತೆ. ಗೌಡ್ರು ಮಲ್ಗಿದ್ದು ನೋಡಿ ಯಾರೋ ಆಟ ಆಡ್ತಿದಾರೆ ನೋಡು."

ಆಟ ಆಡುತ್ತಿದ್ದರು ಎನ್ನುವುದು ಸುಳ್ಳಲ್ಲ. ಹುಡುಗಿ ಕೂತಿದ್ದಾಳೆ, ಅವಳಿಗೇನು ಗೊತ್ತಾಗುತ್ತದೆ ಎಂಬ ಧೈರ್ಯ ಕೆಲವರಿಗೆ ಬಂದಿತ್ತು. ನನಗೆ ರೋಷ ಉಕ್ಕಿತು. ಚಿಕ್ಕಮಗಳೂರಿನಿಂದ ಒಂದು ಲ್ಯಾಕ್ಟೋಮೀಟರ್ ತರಲು ಹಮೀದಣ್ಣನಿಗೆ ಹೇಳಿದೆ. ಹಾಲಿನಲ್ಲಿ ಬಿಟ್ಟರೆ ತೇಲುವ ಗಾಜಿನ ಕೊಳವೆ ಅದು. ಕುತ್ತಿಗೆಯ ಮೇಲೆ ಗೆರೆಗಳಿರುತ್ತವೆ. ಗಟ್ಟಿ ಹಾಲಾದರೆ ಮೇಲೆ ತೇಲಿ ಇಪ್ಪತ್ತೆಂಟರ ಗೆರೆ ತೋರಿಸುತ್ತದೆ, ನೀರು ಬೆರೆತಿದ್ದರೆ ಮುಳುಗಿ ಕಡಿಮೆ ತೋರಿಸುತ್ತದೆ. ರಟ್ಟಿನ ಡಬ್ಬಿಯಲ್ಲಿ, ಇಂಗ್ಲಿಷ್ ಅಕ್ಷರ ತುಂಬಿದ ತೆಳುವಾದ ಒಂದು ಕಾಗದದಲ್ಲಿ ಸುತ್ತಿಟ್ಟಿದ್ದರು. ಕಾಗದವನ್ನು ಡಬ್ಬಿಗೇ ತುರುಕಿ ಕೊಳವೆಯನ್ನು ಹೊರಗೆ ತೆಗೆದೆ. ಅಪ್ಪನಿಗೆ ತೋರಿಸಿದಾಗ ಅವನು, "ಗಾಜು. ಹುಷಾರು" ಎಂದಷ್ಟೇ ಹೇಳಿದ.

ಮಾರನೆಯ ಬೆಳಿಗ್ಗೆ ಎಲ್ಲರೂ ಬಂದ ಮೇಲೆ ಅಳೆಯೋಣ, ಎಲ್ಲರ ಎದುರಿಗೇ ಆಗಲಿ ಎಂದುಕೊಂಡಿದ್ದೆ. ಗಿರಿಜಕ್ಕ ಎಂದಿನಂತೆ ಮೊದಲು ಬಂದರು. ಅವರನ್ನು ನಿಲ್ಲಿಸಿಕೊಳ್ಳುವುದು ಬೇಡ ಅನ್ನಿಸಿತೋ, ಬೋಣಿ ತಪ್ಪಬಾರದು ಅನ್ನಿಸಿತೋ, ಮೂರು ನಾಲ್ಕು ಜನ ಸೇರುತ್ತಿದ್ದಂತೆ ಅವರ ಹಾಲನ್ನೇ ಮೊದಲು ಎತ್ತರದ ಲೋಟಕ್ಕೆ ಸುರಿದು ಕೊಳವೆ ಬಿಟ್ಟೆ. ಹಾಲಿನಿಂದ ಆವಿ ಏಳುತ್ತಿತ್ತು. ನಾನು ಆವಿಯನ್ನು ಬಾಯಿಂದ ಊದಿ ಸರಿಸಿ ಗೆರೆ ನೋಡಿದೆ. ಇಪ್ಪತ್ತನಾಲ್ಕು.

ಮತ್ತೆ ತೊಳೆದು ಬಿಟ್ಟೆ. ಇಪ್ಪತ್ತನಾಲ್ಕೇ. ಹಿಂದೆ ನಿಂತಿದ್ದ ಸೋಮಣ್ಣನ ಹಾಲು ನೋಡಿದೆ, ಇಪ್ಪತ್ತೆಂಟು. ಹಳ್ಳದಾಚೆಯ ಮನೆಯವರದು ಇಪ್ಪತ್ತೊಂಬತ್ತು. ಅಷ್ಟರಲ್ಲಿ ಕಣದ ತುಂಬ ಜನ ಸೇರಿದ್ದರು. ಅವರು ಇಷ್ಟು ವರ್ಷ ನಮ್ಮಪ್ಪನ ಕಣ್ಣಿಗೆ ಮಣ್ಣೆರಚಿದರಲ್ಲ ಎಂಬ ಸಿಟ್ಟು ಒಂದು ಕಡೆ, ನಾನು ಹಿಡಿದೆನಲ್ಲ ಎಂಬ ಹೆಮ್ಮೆ ಇನ್ನೊಂದು ಕಡೆ. ಹೆಮ್ಮೆಯೇ ಹೆಚ್ಚಿತ್ತು, ಈಗ ಒಪ್ಪಿಕೊಳ್ಳುತ್ತೇನೆ.

"ಗಿರಿಜಕ್ಕ, ಹಾಲಿಗೆ ನೀರು ಹಾಕಿದೀರಾ?"

ಅವರು ಯಾರದೋ ಮಗುವಿನ ಟೋಪಿ ಸರಿಮಾಡುತ್ತಿದ್ದವರು ತಿರುಗಿ ನೋಡಿದರು. "ಹೌದೇ. ಒಂದು ಹನಿ. ದಿನಾ ಹಾಕ್ತೀನಲ್ಲ."

ಅದು ನಮ್ಮ ಕಡೆ ಎಲ್ಲ ಮನೆಯಲ್ಲೂ ಇರುವ ಪದ್ಧತಿ. ಹಾಲು ಹೊಸ್ತಿಲು ದಾಟುವ ಮೊದಲು ಹಸುವಿಗೆ ದೃಷ್ಟಿ ತಾಗದಿರಲಿ ಎಂದು ತುಳಸಿ ಎಲೆಯಿಂದ ಒಂದೇ ಒಂದು ಹನಿ ನೀರು ಬಿಡುತ್ತಾರೆ. ನಮ್ಮಮ್ಮನೂ ಬಿಡುತ್ತಿದ್ದಳು. ಅಲ್ಲಿ ನಿಂತಿದ್ದ ಹದಿನೈದು ಮನೆಯವರೂ ಬಿಟ್ಟೇ ಬಂದಿದ್ದರು. ಆದರೆ ಬಾಯಿ ಬಿಟ್ಟು ಹೌದು ಎಂದವರು ಗಿರಿಜಕ್ಕ ಒಬ್ಬರೇ. ಅವರಿಗೆ ಮುಚ್ಚಿಡುವಂಥದ್ದು ಏನೂ ಇರಲಿಲ್ಲ.

"ಒಂದು ಹನಿನೋ, ಒಂದು ಚೊಂಬೋ?" ಎಂದ ಸೋಮಣ್ಣ. ಎಲ್ಲರೂ ನಕ್ಕರು. ನಗುವಿನ ನಡುವೆ ಅವನೇ ಇನ್ನೊಂದು ಸೇರಿಸಿದ, "ನಮ್ ಬೋಣಿ ನೀರಕ್ಕ!"

ನಾನು ನಗಲಿಲ್ಲ. ಅದಕ್ಕಿಂತ ಕೆಟ್ಟದ್ದು ಮಾಡಿದೆ. ಲೋಟದ ಹಾಲನ್ನು ಅವರ ಪಾತ್ರೆಗೆ ವಾಪಸ್ಸು ಸುರಿದು, "ಈ ಹಾಲು ನಮಗೆ ಬೇಡ" ಎಂದು ಪಾತ್ರೆಯನ್ನು ಅವರ ಮುಂದೆ ಸರಿಸಿದೆ. ಗಿರಿಜಕ್ಕ ಕೊಳವೆಯನ್ನು ನೋಡಿದರು, ಪಾತ್ರೆಯನ್ನು ನೋಡಿದರು. ಆಮೇಲೆ ನನ್ನ ಮುಖವನ್ನು ನೋಡಿ, "ಇನ್ನೊಂದ್ಸಲ ಅಳೀರಿ" ಎಂದರು.

ಅಳೆಯೇ ಎನ್ನಲಿಲ್ಲ, ಅಳೀರಿ ಎಂದರು. ಹುಟ್ಟಿದಾಗಿನಿಂದ ನನ್ನನ್ನು ಶೈಲೂ ಎಂದವರು ಒಂದೇ ಗಳಿಗೆಯಲ್ಲಿ ದೂರ ಹೋಗಿ ನಿಂತರು.

ಎರಡನೆಯ ದಿನವೂ ಬಂದರು. ಮೊದಲ ಜಾಗಕ್ಕೆ ಬರಲಿಲ್ಲ, ಸಾಲಿನ ಕೊನೆಯಲ್ಲಿ ನಿಂತರು. "ಅಳೀರಿ." ನಾನು ತಲೆ ಎತ್ತಲಿಲ್ಲ. ಮೂರನೆಯ ದಿನ "ಅಳೀರಿ" ಎಂದಾಗ ಬೇರೆಯವರ ಲೆಕ್ಕ ಬರೆಯುವವಳಂತೆ ನಟಿಸಿದೆ. ನಾಲ್ಕನೆಯ ದಿನ ಅವರು ಏನೂ ಹೇಳದೆ ಪಾತ್ರೆಯನ್ನು ಕಣದ ಮೋಟುಗೋಡೆಯ ಮೇಲೆ ಇಟ್ಟು ಹೊರಟುಹೋದರು. ಎಲ್ಲರ ಹಾಲು ಮುಗಿದು, ಕ್ಯಾನುಗಳನ್ನು ಜೀಪಿಗೆ ಏರಿಸುವ ಹೊತ್ತಿಗೆ ನನಗೆ ಕುತೂಹಲ ತಡೆಯಲಾಗಲಿಲ್ಲ. ಅಷ್ಟು ಹೊತ್ತು ಚಳಿಗಾಳಿಗೆ ನಿಂತಿದ್ದ ಹಾಲಿಗೆ ಕೊಳವೆ ಬಿಟ್ಟೆ.

ಇಪ್ಪತ್ತೆಂಟು.

ಆ ಕ್ಷಣಕ್ಕೆ ಬುದ್ಧಿ ಇದ್ದವಳು ಏನು ಯೋಚಿಸಬೇಕಿತ್ತು? ನಾನು ಯೋಚಿಸಿದ್ದು, ಸದ್ಯ, ಪಾಠ ಕಲಿತರು ಎಂದು. ಹಮೀದಣ್ಣನಿಗೂ ಹಾಗೆಯೇ ಹೇಳಿದೆ. ಮರುದಿನ ಸಾಲಿನಲ್ಲಿ ನಿಂತವರಿಗೂ, "ನೋಡಿ, ಹೆದರಿಕೆ ಅಂತ ಒಂದಿದ್ರೆ ಗಿರಿಜಕ್ಕನ ಹಾಲೂ ಸರಿಯಾಗತ್ತೆ" ಎಂದೆ. ಆ ಹಾಲನ್ನು ಕ್ಯಾನಿಗೆ ಸುರಿದುಕೊಂಡು, ಪಾತ್ರೆ ತೊಳೆದು, ಸೋಮಣ್ಣನ ಕೈಯಲ್ಲಿ ಅವರ ಮನೆಗೆ ಕಳಿಸಿದ್ದೆ. ಅಮ್ಮ ಅಡಿಗೆಮನೆಯ ಬಾಗಿಲಲ್ಲಿ ನಿಂತು, "ಹಾಲು ಕೊಟ್ಟ ಪಾತ್ರೇನ ಖಾಲಿ ಕಳಿಸ್ತಾರೇನೇ? ಒಂದು ಚೂರು ಬೆಲ್ಲನಾದ್ರೂ ಹಾಕ್ಬಾರ್ದಿತ್ತಾ?" ಎಂದಳು. ಅದೂ ನನಗೆ ಅತಿಯಾಗಿ ಕಂಡಿತು.

ಗಿರಿಜಕ್ಕ ಮತ್ತೆ ಬರಲಿಲ್ಲ.

ಅವರು ಬರದಿದ್ದದ್ದು ನಮ್ಮ ಕಣದಲ್ಲಿ ದಿನಾ ಕಾಣುತ್ತಿತ್ತು. ಸಾಲಿನ ಮೊದಲ ಜಾಗದಲ್ಲಿ ನಿಲ್ಲಲು ಯಾರೂ ಮುಂದೆ ಬರುತ್ತಿರಲಿಲ್ಲ. ಮೊದಲು ಅಳೆಸಿಕೊಳ್ಳುವ ಭಯವೋ, ಇನ್ನೊಬ್ಬರ ಬೋಣಿಯನ್ನು ಕಿತ್ತುಕೊಳ್ಳುವ ಸಂಕೋಚವೋ, ಎಲ್ಲರೂ ಕಟ್ಟೆಯಿಂದ ಎರಡು ಹೆಜ್ಜೆ ಹಿಂದೆ ನಿಂತು "ನೀನು ಹೋಗು, ನೀನು ಹೋಗು" ಎನ್ನುತ್ತಿದ್ದರು. ಮಂಜಿನಲ್ಲಿ ಆ ಖಾಲಿ ಜಾಗದಲ್ಲಿ ಯಾರೋ ನಿಂತಿದ್ದಾರೆ ಎನ್ನಿಸಿ ನಾನು ಎಷ್ಟೋ ಸಲ ಅಳತೆ ಹಿಡಿದು ಕೈ ಚಾಚಿದ್ದುಂಟು. ಕೆಳಗಿನ ಕೊಟ್ಟಿಗೆಯಲ್ಲಿ ಕಾವೇರಿಯನ್ನು ಕರೆಯುವ ಸದ್ದು ಮೊದಲು ಕೇಳುತ್ತಿತ್ತು. ಕ್ರಮೇಣ ಅದೂ ನಿಂತಿತು. ಹಾಲನ್ನೆಲ್ಲ ಕರುವಿಗೇ ಬಿಟ್ಟಿದ್ದರು. ಆ ವರ್ಷ ಊರಿನಲ್ಲಿ ಅಷ್ಟು ಮೈ ತುಂಬಿಕೊಂಡ ಕರು ಇನ್ನೊಂದಿರಲಿಲ್ಲ. ಸೋಮವಾರದ ಅಭಿಷೇಕಕ್ಕೆ ಈಶ್ವರನ ಗುಡಿಗೆ ಅವರ ಮನೆಯಿಂದ ಹೋಗುತ್ತಿದ್ದ ಹಾಲನ್ನೂ ಅರ್ಚಕರು ಬೇರೆ ಮನೆಯಿಂದ ತರಿಸಲು ಶುರುಮಾಡಿದರು. ಯಾರೂ ಅವರೊಂದಿಗೆ ಜಗಳವಾಡಲಿಲ್ಲ, ಬೈಯಲಿಲ್ಲ. ನೀರಕ್ಕ ಎನ್ನುತ್ತಿದ್ದರು, ಅಷ್ಟೇ. ಮೊದಮೊದಲು ಬೆನ್ನ ಹಿಂದೆ, ಆಮೇಲೆ ಎದುರಿಗೇ.

ಅದೇ ವಾರಗಳಲ್ಲಿ ನಾನು ನಿಜವಾಗಿ ನೀರು ಹಾಕುತ್ತಿದ್ದ ಮೂವರನ್ನು ಹಿಡಿದೆ. ಅವರು ನಾಲ್ಕು ದಿನ ಮುಖ ಊದಿಸಿಕೊಂಡು ಐದನೆಯ ದಿನ ಸರಿಯಾದ ಹಾಲು ತಂದರು. ಹೋಟೆಲಿನ ಮೊಸರು ಕೂತಿತು. ಹಮೀದಣ್ಣ ನನ್ನ ಬೆನ್ನು ತಟ್ಟಿದರು. ಹೀಗಾಗಿ ನನ್ನ ಕೊಳವೆಯ ಮೇಲೆ ಯಾರಿಗೂ ಸಂಶಯ ಬರಲಿಲ್ಲ.

ಫೆಬ್ರವರಿಯ ಕೊನೆಗೆ ಅಮ್ಮ ಜ್ವರ ಬಂದು ಮಲಗಿದಳು. ನಮ್ಮ ಮನೆಯ ಹಸುವನ್ನು ನಾನೇ ಕರೆದೆ. ಕೊಟ್ಟಿಗೆಯ ಗೂಡಿನಲ್ಲಿ ಲೋಟವೂ ಕೊಳವೆಯೂ ಇದ್ದವು. ನಮ್ಮ ಹಾಲು ಎಷ್ಟು ಗಟ್ಟಿ ನೋಡೋಣ ಎಂದು ಸುಮ್ಮನೆ ತಮಾಷೆಗೆ ಕೊಳವೆಯನ್ನು ಬಿಟ್ಟೆ. ಅದು ಮುಳುಗಿತು. ಇಪ್ಪತ್ತನಾಲ್ಕು.

ನಮ್ಮದೇ ಹಸು. ನನ್ನದೇ ಕೈ. ಹತ್ತಿರದಲ್ಲಿ ನೀರಿನ ಬಕೆಟ್ಟೂ ಇರಲಿಲ್ಲ.

ಕೊಳವೆ ಕೆಟ್ಟಿದೆ ಎಂದುಕೊಂಡೆ. ಕಣಕ್ಕೆ ಬಂದು ಬೇರೆಯವರ ಹಾಲು ನೋಡಿದರೆ ಎಲ್ಲ ಸರಿ. ನಮ್ಮ ಪಾತ್ರೆಯನ್ನು ಮೋಟುಗೋಡೆಯ ಮೇಲೆ, ಗಿರಿಜಕ್ಕ ಇಟ್ಟಿದ್ದ ಜಾಗದಲ್ಲೇ ಇಟ್ಟೆ. ಬೇಕೆಂದೇ ಇಟ್ಟೆನೋ ಗೊತ್ತಿಲ್ಲ. ಎಲ್ಲರೂ ಹೋದ ಮೇಲೆ ಮತ್ತೆ ನೋಡಿದೆ, ಇಪ್ಪತ್ತೆಂಟು. ನಡುವೆ ಆ ಹಾಲನ್ನು ಮುಟ್ಟಿದ್ದು ಗಾಳಿ ಮಾತ್ರ. ನಾನು ಓಡಿಹೋಗಿ ರಟ್ಟಿನ ಡಬ್ಬಿಯಿಂದ ಆ ಮುದುಡಿದ ಕಾಗದವನ್ನು ಹೊರಗೆಳೆದು ನೋಡಿದೆ. ಸಣ್ಣ ಅಕ್ಷರದಲ್ಲಿ ಎಲ್ಲ ಇತ್ತು. ಹಾಲು ತಣ್ಣಗಾದ ಮೇಲೆಯೇ ಅಳೆಯಬೇಕು, ಕರೆದ ಬಿಸಿಯಲ್ಲಿ ಅಳೆದರೆ ಕಡಿಮೆ ತೋರಿಸುತ್ತದೆ. ದೂರದಿಂದ ನಡೆದು ಬಂದವರ ಹಾಲನ್ನು ಡಿಸೆಂಬರಿನ ಚಳಿಯೇ ತಣ್ಣಗೆ ಮಾಡಿ ಕೊಡುತ್ತಿತ್ತು. ನೊರೆ ಇಳಿಯುವ ಮೊದಲು ತರಬೇಕೆಂದು ಐವತ್ತು ಹೆಜ್ಜೆ ಓಡಿ ಬರುತ್ತಿದ್ದ ಒಬ್ಬರ ಹಾಲು ಮಾತ್ರ ಬಿಸಿಯಾಗಿತ್ತು.

ಅಪ್ಪನ ಮಂಚದ ಪಕ್ಕ ಕೂತು ಎಲ್ಲ ಹೇಳಿದೆ. ಬೈಯಲಿ ಎಂದು ಕಾಯುತ್ತಿದ್ದೆ. "ಹೋಗಿ ಹೇಳು" ಎಂದ.

ಆ ಮಧ್ಯಾಹ್ನವೇ ಹೋದೆ. ಗಿರಿಜಕ್ಕ ಜಗಲಿಯಲ್ಲಿ ಕೂತು ಕಾಫಿ ಕೊಯ್ಯುವ ಚೀಲಕ್ಕೆ ಹೊಲಿಗೆ ಹಾಕುತ್ತಿದ್ದರು. "ಬನ್ನಿ, ಕೂತ್ಕೊಳ್ಳಿ" ಎಂದರು. ನಾನು ಬಾಯಿ ತೆರೆಯುವ ಮೊದಲೇ ಒಳಗೆ ಹೋಗಿ ಕಾಫಿ ತಂದರು. ಕಪ್ಪು ಕಾಫಿ. "ಹಾಲು ಹಾಕಿಲ್ಲ. ನಮ್ಮನೆ ಹಾಲು ನಿಮಗೆ ಆಗಲ್ವಲ್ಲ." ದನಿಯಲ್ಲಿ ಕೊಂಕು ಇರಲಿಲ್ಲ. ಅತಿಥಿಗೆ ಸಕ್ಕರೆ ಎಷ್ಟು ಎಂದು ಕೇಳುವ ದನಿಯಲ್ಲೇ ಹೇಳಿದರು. ನಾನು ಅಳುತ್ತಲೇ ಹೇಳಿದೆ, ಬಿಸಿಯ ವಿಷಯ, ಕಾಗದದ ವಿಷಯ, ನಮ್ಮ ಹಸುವಿನ ವಿಷಯ. "ನೀವು ನೀರು ಹಾಕಿರ್ಲಿಲ್ಲ ಗಿರಿಜಕ್ಕ" ಎಂದೆ.

ಅವರು ಹೊಲಿಗೆ ನಿಲ್ಲಿಸಲಿಲ್ಲ. "ಅದನ್ನ ನಂಗ್ಯಾಕೆ ಹೇಳ್ತೀರಿ? ನಂಗೆ ಗೊತ್ತೇ ಇತ್ತಲ್ಲ" ಎಂದರು. ದಾರವನ್ನು ಹಲ್ಲಿನಲ್ಲಿ ಕಡಿದು, ಮೇಲೆ ನಮ್ಮ ಕಣದ ಕಡೆಗೆ ಕೈ ತೋರಿಸಿದರು. "ಅಲ್ಲಿ ಹೇಳಿ."

"ನಾಳೆ ಹೇಳ್ತೀನಿ" ಎಂದೆ. ಕಪ್ಪು ಕಾಫಿಯನ್ನು ಪೂರ್ತಿ ಕುಡಿದು ಎದ್ದೆ.

ನಾಳೆ ಹೇಳಲಿಲ್ಲ. ಬೆಳಿಗ್ಗೆ ಕಟ್ಟೆಯ ಮೇಲೆ ಕೂತಾಗ ಎದುರಿಗೆ ಆ ಮೂವರು ನಿಂತಿದ್ದರು. ಕೊಳವೆ ಒಬ್ಬರ ವಿಷಯದಲ್ಲಿ ಸುಳ್ಳಾಯಿತು ಎಂದರೆ, ನಮ್ಮ ವಿಷಯದಲ್ಲೂ ಸುಳ್ಳೇ ಎಂದು ಇವರು ಕೂಗುವುದಿಲ್ಲವೇ? ಮತ್ತೆ ನೀರು, ಮತ್ತೆ ಹೋಟೆಲಿನವರ ಗಲಾಟೆ. ಅಪ್ಪ ಎದ್ದು ಓಡಾಡುವವರೆಗೆ ತಡೆಯೋಣ ಎಂದುಕೊಂಡೆ. ಇದು ಕಾರಣವಾಗಿತ್ತು, ಸುಳ್ಳಲ್ಲ. ಆದರೆ ಅದರ ಅಡಿಯಲ್ಲಿ ಇನ್ನೊಂದಿತ್ತು. ಹದಿನೈದು ಮನೆಯವರ ಮುಂದೆ ನಾನು ತಪ್ಪಿದೆ ಎನ್ನಲು ನಾಲಿಗೆ ಏಳಲಿಲ್ಲ. ಅಪ್ಪ ದಿನಾ ಸಂಜೆ, "ಹೇಳಿದ್ಯಾ?" ಎಂದು ಕೇಳುತ್ತಿದ್ದ. "ನಾಳೆ" ಎನ್ನುತ್ತಿದ್ದೆ. ಒಂದು ದಿನ ಅವನು ಕೇಳುವುದನ್ನು ಬಿಟ್ಟ. ಅವನಾದರೂ ಹೇಳಬಹುದಿತ್ತಲ್ಲ ಎಂದು ಅವನ ಮೇಲೆಯೇ ಸಿಟ್ಟು ಮಾಡಿಕೊಂಡಿದ್ದೇನೆ ಎಷ್ಟೋ ವರ್ಷ. ಆದರೆ ಅದು ಅವನು ಹೇಳುವ ಮಾತಾಗಿರಲಿಲ್ಲ.

ಮಾರ್ಚಿನಲ್ಲಿ ಹೂಮಳೆ ಬಿತ್ತು. ಎಂಟು ಹತ್ತು ದಿನದಲ್ಲಿ ತೋಟವೆಲ್ಲ ಬೆಳ್ಳಗೆ ಅರಳಿ, ಆ ವಾಸನೆಗೆ ತಲೆ ಭಾರವಾಗುತ್ತಿತ್ತು. ಅದೇ ವಾರ ನನ್ನನ್ನು ನೋಡಲು ಮೂಡಿಗೆರೆಯವರು ಬಂದರು, ಒಪ್ಪಿದರು. ಅಮ್ಮನೂ, "ಮದುವೆ ಗೊತ್ತಾದ ಹುಡುಗಿ ನೀನು, ಈಗ ಕಣದಲ್ಲಿ ನಿಂತು ಅದೆಲ್ಲ ಕೆದಕ್ಬೇಡ" ಎಂದಳು. ನನಗೆ ಬೇಕಾಗಿದ್ದೂ ಅದೇ. ಮೇ ತಿಂಗಳಲ್ಲಿ ಮದುವೆಯಾಯಿತು. ಗಿರಿಜಕ್ಕ ಬಂದಿದ್ದರು. ಎಲ್ಲರ ಜೊತೆ ಸಾಲಿನಲ್ಲಿ ಬಂದು ಅಕ್ಷತೆ ಹಾಕಿ, "ಚೆನ್ನಾಗಿರಿ" ಎಂದರು. ನನ್ನ ಜಡೆಯನ್ನು ಅಂದು ಬೇರೆ ಯಾರೋ ಹೆಣೆದಿದ್ದರು.

ಜುಲೈಯಲ್ಲಿ, ಮಳೆ ಜೋರಾಗಿದ್ದಾಗ, ಅಮ್ಮ ಫೋನ್ ಮಾಡಿದಳು. ಗಿರಿಜಕ್ಕನಿಗೆ ಜ್ವರ ನೆತ್ತಿಗೇರಿ ಹಮೀದಣ್ಣನ ಜೀಪಿನಲ್ಲಿ ಚಿಕ್ಕಮಗಳೂರಿಗೆ ಕರೆದುಕೊಂಡು ಹೋದರಂತೆ, ಎರಡು ದಿನ ಇದ್ದರಂತೆ, ಎಲ್ಲ ಮುಗಿದು ಮೂರು ದಿನವಾಯಿತಂತೆ. ಅಲ್ಲಿ ಹೇಳಿ ಎಂದಿದ್ದರು, ನಾಳೆ ಎಂದಿದ್ದೆ.

ಅಪ್ಪ ಕೋಲೂರಿಕೊಂಡು ಇನ್ನೂ ಕೆಲವು ವರ್ಷ ಡೈರಿ ನಡೆಸಿದ. ಕೊಳವೆಯನ್ನು ಅವನು ಮುಟ್ಟಲಿಲ್ಲ, ಮತ್ತೆ ಬೆರಳು ಅದ್ದತೊಡಗಿದ. ಬೋಣಿಗೆ ಯಾರನ್ನೂ ಕರೆಯಲಿಲ್ಲ, ನಮ್ಮ ಹಸುವಿನ ಹಾಲನ್ನೇ ಮೊದಲು ಸುರಿಯುತ್ತಿದ್ದ. ಆಮೇಲೆ ಪ್ಯಾಕೆಟ್ ಹಾಲು ಬಂತು, ಹಸು ಕಟ್ಟುವವರು ಕಡಿಮೆಯಾದರು, ಅಪ್ಪನೂ ಹೋದ. ಕಣದ ಕಟ್ಟೆ ಈಗಲೂ ಇದೆ, ಅದರ ಮೇಲೆ ನಮ್ಮಣ್ಣ ಬೈಕ್ ತೊಳೆಯುತ್ತಾನೆ. ನನಗೆ ಮಾತ್ರ ಆ ಸಾಲು ಕರಗಲಿಲ್ಲ. ಮೂಡಿಗೆರೆಯ ಮನೆಯಲ್ಲಿ ಬೆಳಿಗ್ಗೆ ಹಾಲಿನವನು ಬಂದಾಗ ಪಾತ್ರೆ ಬೆಚ್ಚಗಿದ್ದರೆ ಕೈ ತಾನಾಗಿ ಹಿಂದೆ ಬರುತ್ತದೆ. ಒಲೆಯ ಮುಂದೆ ಒಬ್ಬಳೇ ಇರುವಾಗ ಬೆನ್ನ ಹಿಂದೆ "ಅಳೀರಿ" ಎಂದ ಹಾಗಾಗುತ್ತದೆ. ತಿರುಗಿ ನೋಡುತ್ತೇನೆ. ಅಷ್ಟರಲ್ಲಿ ಹಾಲು ಉಕ್ಕಿ ಹೋಗಿರುತ್ತದೆ. ಗಂಡ ನನ್ನ ಮರೆವನ್ನು ಆಡಿಕೊಂಡು ನಗುತ್ತಾರೆ, ನಗಲಿ.

ಸೋಮಣ್ಣನ ಮಗನ ಹೊಸ ಮನೆಯಲ್ಲಿ ಹಾಲು ಚೆನ್ನಾಗಿಯೇ ಉಕ್ಕಿತು. ಪೂರ್ವಕ್ಕೆ ಉಕ್ಕಿತೆಂದು ಎಲ್ಲರಿಗೂ ಸಂತೋಷ. ಊರಲ್ಲಿ ಈಗ ಹಸು ಉಳಿದಿರುವುದು ವನಿತಾಳ ಮನೆಯಲ್ಲಿ ಮಾತ್ರ, ಕಾವೇರಿಯ ಆ ಕರುವಿನ ಸಂತಾನ. ತಿಂಡಿಗೆ ಕೂತಾಗ ಎಣಿಸಿದೆ. ಅಂದು ಕಣದಲ್ಲಿ ಇದ್ದವರಲ್ಲಿ ಉಳಿದವರು ಐದು ಜನ. ಹಲ್ಲಿಲ್ಲದ ಸೋಮಣ್ಣ, ಹಳ್ಳದಾಚೆಯ ಗಂಡ ಹೆಂಡತಿ, ನೀರು ಹಾಕಿ ಸಿಕ್ಕಿಬಿದ್ದ ಆ ಮೂವರಲ್ಲಿ ಒಬ್ಬರು, ಮತ್ತೆ ಬಾಗಿಲ ಹತ್ತಿರದ ಕುರ್ಚಿಯಲ್ಲಿ ಬೆನ್ನು ಬಾಗಿದ ಹಮೀದಣ್ಣ. ವನಿತಾ ಕಡುಬು ಬಡಿಸುತ್ತಿದ್ದಳು. "ನೀರಕ್ಕನ ಸೊಸೆ, ಇಲ್ಲಿಗೂ ಒಂದು ಹಾಕಮ್ಮ" ಎಂದ ಸೋಮಣ್ಣ.

ನಾನು ಎಲೆಯ ಮುಂದಿನಿಂದ ಎದ್ದು ನಿಂತೆ. ಊಟದ ನಡುವೆ ಏಳಬಾರದು ಎಂದು ಪಕ್ಕದವರು ಸೆರಗು ಎಳೆದರು.

"ಗಿರಿಜಕ್ಕ ಹಾಲಿಗೆ ನೀರು ಹಾಕಿರ್ಲಿಲ್ಲ" ಎಂದೆ. "ನಾನು ಬಿಸಿ ಹಾಲು ಅಳೆದೆ. ಬಿಸಿ ಹಾಲು ಅಳೀಬಾರ್ದು. ಅವತ್ತು ತಪ್ಪು ಮಾಡಿದ್ದು ನಾನು."

ಚಿಕ್ಕವರು ಏನು ವಿಷಯ ಎಂದು ಒಬ್ಬರನ್ನೊಬ್ಬರು ನೋಡಿದರು. ವನಿತಾ ಕಡುಬಿನ ಪಾತ್ರೆ ಹಿಡಿದು ನನ್ನನ್ನೇ ನೋಡುತ್ತಿದ್ದಳು. ಸೋಮಣ್ಣ ಮೊದಲು ನಕ್ಕ, ಆಮೇಲೆ ನಗು ಬಿಟ್ಟ. "ಅದೆಲ್ಲ ಯಾವ್ ಕಾಲದ್ದು ಬಿಡೇ ಮಾರಾಯ್ತಿ. ನಾವು ತಮಾಷೆಗೆ ಅಂತಿದ್ವಿ ಅಷ್ಟೇ. ಕೂತ್ಕೋ, ತಿನ್ನು" ಎಂದ. ಜನ ಮತ್ತೆ ತಿನ್ನತೊಡಗಿದರು. ಇಷ್ಟೇ ಆಗಿದ್ದು. ಇದನ್ನು ಹೇಳುವುದಕ್ಕೆ ಇಪ್ಪತ್ತು ವರ್ಷ ಹೆದರಿದ್ದೆ.

ಕೈ ತೊಳೆಯುವಲ್ಲಿ ಹಮೀದಣ್ಣ ಬಂದು ಪಕ್ಕದಲ್ಲಿ ನಿಂತರು. ಟವೆಲ್ಲಿನಿಂದ ಒಂದೊಂದೇ ಬೆರಳು ಒರೆಸಿಕೊಳ್ಳುತ್ತಾ, "ಇವತ್ತು ಗೊತ್ತಾಯ್ತು ನೋಡು ನಂಗೆ" ಎಂದರು.

"ಏನು ಹಮೀದಣ್ಣ?"

"ಗಿರಿಜಕ್ಕನ್ನ ಆಸ್ಪತ್ರೆಗೆ ಕರ್ಕೊಂಡು ಹೋಗ್ತಿದ್ನಲ್ಲ, ಹಿಂದಿನ ಸೀಟಲ್ಲಿ ಮಲ್ಗಿದ್ರು. ಮೈ ಮೇಲೆ ಜ್ಞಾನ ಇಲ್ಲ ಅಂದ್ಕೊಂಡಿದ್ದೆ. ನಿಮ್ ಕಣ ದಾಟುವಾಗ ತಲೆ ಎತ್ತಿ ಕೇಳಿದ್ರು, ಹೇಳಿದ್ಲಾ ಅಂತ. ಏನು ಹೇಳೋದು ಅಂತ ನಂಗೇನ್ ಗೊತ್ತು? ಜ್ವರದಲ್ಲಿ ಏನೋ ಮಾತಾಡ್ತಿದಾರೆ ಅಂತ, ಇಲ್ಲಕ್ಕ, ಇನ್ನೂ ಇಲ್ಲ ಅಂದೆ."

ನಲ್ಲಿ ಹರಿಯುತ್ತಲೇ ಇತ್ತು. ನಿಲ್ಲಿಸಿ ಅವರ ಕಡೆ ತಿರುಗಿದೆ.

"ಹೇಳಿದ್ಲಾ ಅಂದ್ರಾ? ಹೇಳಿದ್ರಾ ಅಂತ ಕೇಳಲಿಲ್ವಾ?"

ಹಮೀದಣ್ಣ ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡರು.

"ಇಲ್ಲ ಮಾರಾಯ್ತಿ. ಶೈಲೂ ಹೇಳಿದ್ಲಾ, ಅಂದ್ರು."